ಒಲ್ಲದ ಪ್ರವಾದಿ

ಕಹಿಯಾದ ನಿಜವನ್ನು ಹೇಳುವವರನ್ನು ನಾವು ನಂಬುವುದು ಯಾವಾಗ? ಅದು ನಡೆದು ಕಣ್ಣೆದುರು ನಿಂತ ಮೇಲೆ ಎಂಬುದು ಸುಲಭದ ಉತ್ತರ. ಆದರೆ ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಊರಿಗೆ ಆಪತ್ತು ಬರುತ್ತದೆ ಎಂದು ಒಬ್ಬ, ಏನೂ ಆಗುವುದಿಲ್ಲ ಎಂದು ಇನ್ನೊಬ್ಬ, ಇಬ್ಬರೂ ದೇವರ ಹೆಸರು ಹಿಡಿದೇ ಹೇಳುತ್ತಿರುವಾಗ, ಇನ್ನೂ ಏನೂ ಆಗದಿರುವಾಗ, ಕೇಳುವವನು ಯಾವ ತಕ್ಕಡಿಯಲ್ಲಿ ತೂಗಬೇಕು? ಹೇಳುವವನಾದರೂ ತನ್ನ ಮಾತನ್ನು ತಾನು ಹೇಗೆ ನಂಬಬೇಕು?

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಒಂದು ಟೆಲಿವಿಷನ್ ಚಿತ್ರದಿಂದ. ಹೆಸರು 'ಜೆರೆಮಿಯಾ'. ಇಟಲಿಯ ಸಂಸ್ಥೆಯೊಂದು ಜರ್ಮನಿ, ಅಮೆರಿಕಗಳ ಸಂಸ್ಥೆಗಳೊಡನೆ ಸೇರಿ ಬೈಬಲಿನ ಕಥೆಗಳನ್ನು ಒಂದೊಂದಾಗಿ ಟೆಲಿವಿಷನ್ನಿಗೆ ತಂದ ಮಾಲೆಯಲ್ಲಿ ಇದೂ ಒಂದು, 1998ರದು. ನಿರ್ದೇಶಕ ಹ್ಯಾರಿ ವೈನರ್. ಪ್ರವಾದಿಯಾಗಿ ಪ್ಯಾಟ್ರಿಕ್ ಡೆಂಪ್ಸಿ, ಬ್ಯಾಬಿಲೋನಿನ ದೊರೆ ನೆಬೂಕದ್ನೆಚ್ಚರನಾಗಿ ಕ್ಲೌಸ್ ಮರಿಯಾ ಬ್ರಾಂಡಾವರ್ ನಟಿಸಿದ್ದಾರೆ. ಸುಮಾರು ಒಂದೂವರೆ ಗಂಟೆಯ ಚಿತ್ರ. ಮಗಳು ಹಾಕಿಕೊಟ್ಟು ಒಳಗೆ ಹೋದಳು. ನಾನು ಒಬ್ಬಳೇ ಕೂತು ನೋಡಿದೆ. ಮರಳು, ಕಲ್ಲು, ಉದ್ದನೆಯ ನಿಲುವಂಗಿಗಳು, ಗುಂಪಿನ ಕೂಗು, ಇವೆಲ್ಲ ಇಂಥ ಚಿತ್ರಗಳಲ್ಲಿ ಇರಬೇಕಾದಂತೆಯೇ ಇವೆ. ಪ್ರವಾದಿ ಮಾತ್ರ ಸ್ವಲ್ಪ ಹೆಚ್ಚೇ ಚೆಲುವ. ಅದನ್ನು ಬಿಟ್ಟುಬಿಡೋಣ.

ನನ್ನನ್ನು ತಡೆದದ್ದು ಜೂಡಿತ್ ಎಂಬ ಹುಡುಗಿ. ಚಿತ್ರದಲ್ಲಿ ಯುವಕ ಯೆರೆಮೀಯ ಆಕೆಯನ್ನು ಪ್ರೀತಿಸುತ್ತಾನೆ. ದೇವರ ಕರೆಗಾಗಿ ಆಕೆಯನ್ನು ಬಿಡಬೇಕಾಗುತ್ತದೆ. ಚಿತ್ರ ಮುಗಿದ ಮೇಲೆ ಕನ್ನಡದ 'ಸತ್ಯವೇದ' ತೆಗೆದು ಯೆರೆಮೀಯನ ಗ್ರಂಥವನ್ನು ಓದಿದೆ, ಐವತ್ತೆರಡು ಅಧ್ಯಾಯ. ನಾನು ಆ ಧರ್ಮದವಳಲ್ಲ. ನನ್ನ ಓದು ಹೊರಗಿನವಳ ಓದು. ಆದರೂ ಹುಡುಕಿದೆ. ಜೂಡಿತ್ ಎಲ್ಲಿಯೂ ಇಲ್ಲ. ಟೆಲಿವಿಷನ್ನಿಗೆ ಪ್ರೇಮವಿಲ್ಲದೆ ತ್ಯಾಗ ಅರ್ಥವಾಗುವುದಿಲ್ಲವೆಂದು ಕಾಣುತ್ತದೆ. ಗ್ರಂಥದಲ್ಲಿರುವುದು ಇದಕ್ಕಿಂತ ಕಠೋರವಾದ ಸಂಗತಿ. ನೀನು ಮದುವೆಯಾಗಬೇಡ, ನಿನಗೆ ಮಕ್ಕಳಾಗುವುದು ಬೇಡ ಎಂದು ದೇವರು ಅವನಿಗೆ ಹೇಳುತ್ತಾನೆ. ಅಷ್ಟೇ ಅಲ್ಲ, ಸಾವಾದ ಮನೆಗೆ ಹೋಗಿ ಅಳಬೇಡ, ಔತಣದ ಮನೆಗೆ ಹೋಗಿ ಉಣ್ಣಬೇಡ ಎಂದೂ ಹೇಳುತ್ತಾನೆ. ಊರೊಳಗೆ ಬಾಳುವವರಿಗೆ ಇದರ ಭಾರ ಗೊತ್ತು. ಮದುವೆಯಾಗದೆ ಎಷ್ಟೋ ಜನ ಬದುಕುತ್ತಾರೆ. ಆದರೆ ಪಕ್ಕದ ಮನೆಯಲ್ಲಿ ಹೆಣ ಮಲಗಿದ್ದಾಗ ಬಾಗಿಲಿಗೆ ಹೋಗದವನನ್ನು ಊರು ಹೇಗೆ ನೋಡುತ್ತದೆ? ಯಾರೂ ಬಹಿಷ್ಕಾರ ಹಾಕಬೇಕಾಗಿಲ್ಲ, ಅದು ತಾನಾಗಿಯೇ ಬೀಳುತ್ತದೆ. ಒಬ್ಬ ಹುಡುಗಿಯನ್ನು ಕಳೆದುಕೊಂಡವನ ಕಥೆ ಅಲ್ಲ ಇದು. ಊರನ್ನೇ ಕಳೆದುಕೊಂಡು, ಅದೇ ಊರಲ್ಲಿ ನಲವತ್ತು ವರ್ಷ ಇರಬೇಕಾದವನ ಕಥೆ.

ಕಾಲ ದೇಶಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜೆರುಸಲೇಮಿನಿಂದ ನಡೆದುಹೋಗುವಷ್ಟು ದೂರದ ಅನಾತೋತ್ ಎಂಬ ಹಳ್ಳಿ ಅವನದು, ಪುರೋಹಿತರ ಮನೆತನ. ಅವನಿಗೆ ಕರೆ ಬಂದದ್ದು ಯೋಷೀಯ ರಾಜನ ಹದಿಮೂರನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 627ರ ಸುಮಾರಿಗೆ. ಯೆಹೂದ ಒಂದು ಪುಟ್ಟ ರಾಜ್ಯ. ಒಂದು ಕಡೆ ಈಜಿಪ್ಟ್, ಇನ್ನೊಂದು ಕಡೆ ಬೆಳೆಯುತ್ತಿದ್ದ ಬ್ಯಾಬಿಲೋನ್. ನಡುವೆ ಸಿಕ್ಕಿಬಿದ್ದ ಅಡಕೆಯ ಹಾಗೆ. ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿನವರು ಒಮ್ಮೆ ಜೆರುಸಲೇಮನ್ನು ಹಿಡಿದು, ರಾಜನನ್ನೂ ಗಣ್ಯರನ್ನೂ ಸೆರೆ ಒಯ್ದರು. ಹತ್ತು ವರ್ಷಗಳ ಬಳಿಕ ಮತ್ತೆ ಬಂದು ನಗರವನ್ನೂ ದೇವಾಲಯವನ್ನೂ ಸುಟ್ಟರು. ಆ ವರ್ಷ 587 ಎನ್ನುವವರೂ ಇದ್ದಾರೆ, 586 ಎನ್ನುವವರೂ ಇದ್ದಾರೆ. ಇದು ಹೀಗಾಗುತ್ತದೆ, ಬ್ಯಾಬಿಲೋನಿಗೆ ತಲೆಬಾಗಿ ಜೀವ ಉಳಿಸಿಕೊಳ್ಳಿ ಎಂದು ಹೇಳುತ್ತಾ ಬಂದವನು ಯೆರೆಮೀಯ.

ಹೇಳಲು ಅವನಿಗೆ ಮನಸ್ಸಿರಲಿಲ್ಲ. ನನಗೆ ಮಾತು ಬಾರದು, ನಾನಿನ್ನೂ ಹುಡುಗ ಎಂದ. ಆಗಸ್ಟ್ ಹದಿನೈದರ ಭಾಷಣಕ್ಕೆ ಹೆಸರು ಬರೆದುಕೊಂಡಾಗ ಹಿಂದಿನ ಬೆಂಚಿನ ಹುಡುಗರು ಹೇಳುವುದೂ ಇದನ್ನೇ. ಹೀಗೆ ಹೇಳಿದವನು ಅವನೊಬ್ಬನೇ ಅಲ್ಲ. ಹೀಬ್ರೂ ಪ್ರವಾದಿಗಳಲ್ಲಿ ಇದೊಂದು ಸಂಪ್ರದಾಯವೇ ಆಗಿದೆ. ಮೋಶೆ ತನ್ನ ನಾಲಗೆ ತಡವರಿಸುತ್ತದೆ, ಬೇರೆ ಯಾರನ್ನಾದರೂ ಕಳಿಸು ಎಂದು ಬೇಡಿಕೊಂಡ. ಯೋನನಂತೂ ನಿನೆವೆಗೆ ಹೋಗು ಎಂದರೆ ತದ್ವಿರುದ್ಧ ದಿಕ್ಕಿನ ಹಡಗು ಹತ್ತಿದ. ತಾನಾಗಿ ನನ್ನನ್ನು ಕಳಿಸು ಎಂದು ಮುಂದೆ ಬಂದವನು ಯೆಶಾಯ. ಅವನು ಇವರ ನಡುವೆ ಬೇರೆಯಾಗಿ ಕಾಣುತ್ತಾನೆ. ನಮ್ಮ ಕಡೆ ಸಹದೇವನ ಕಥೆ ಹೇಳುತ್ತಾರಲ್ಲ, ಮುಂದಾಗುವುದೆಲ್ಲ ಗೊತ್ತು ಆದರೆ ಯಾರಾದರೂ ಕೇಳದೆ ಬಾಯಿ ಬಿಡುವಂತಿಲ್ಲ ಎಂದು? ಯೆರೆಮೀಯನದು ಅದರ ತಿರುವುಮುರುವು. ಯಾರೂ ಕೇಳದಿದ್ದರೂ ಅವನು ಹೇಳಲೇಬೇಕು.

ಇಂಥ ಚಿತ್ರಗಳಲ್ಲಿ ಒಲ್ಲೆನೆನ್ನುವುದು ಕಥೆಯ ಮೊದಲ ಮೆಟ್ಟಿಲು. ನಾಯಕ ಹಿಂಜರಿಯುತ್ತಾನೆ, ಆಮೇಲೆ ಏನೋ ಆಗುತ್ತದೆ, ಸಂಗೀತ ಏರುತ್ತದೆ, ಹಿಂಜರಿಕೆ ಕಳಚಿ ಅವನು ವೀರನಾಗುತ್ತಾನೆ. ಗ್ರಂಥದ ಯೆರೆಮೀಯ ಹಾಗಲ್ಲ. ಅವನ ಒಲ್ಲೆ ಎಂಬುದು ಮುಗಿಯುವುದೇ ಇಲ್ಲ. ಕರೆ ಬಂದು ಎಷ್ಟೋ ವರ್ಷಗಳಾದ ಮೇಲೆ, ದೇವಾಲಯದ ಅಧಿಕಾರಿಯೊಬ್ಬ ಅವನನ್ನು ಹೊಡೆಸಿ, ಒಂದು ರಾತ್ರಿ ಬಾಗಿಲ ಬಳಿ ಕೋಳಕ್ಕೆ ಹಾಕಿಸುತ್ತಾನೆ. ಬಿಡುಗಡೆಯಾದ ಯೆರೆಮೀಯ ದೇವರಿಗೇ ತಿರುಗಿಬೀಳುತ್ತಾನೆ: ನೀನು ನನ್ನನ್ನು ಮರುಳುಮಾಡಿದೆ, ನಾನು ಮರುಳಾದೆ, ಈಗ ಎಲ್ಲರಿಗೂ ನಗೆಪಾಟಲಾಗಿದ್ದೇನೆ ಎನ್ನುತ್ತಾನೆ. ಇನ್ನು ನಿನ್ನ ಹೆಸರೆತ್ತುವುದಿಲ್ಲ ಎಂದುಕೊಂಡರೆ ಎಲುಬಿನೊಳಗೆ ಬೆಂಕಿ ಹೊಕ್ಕ ಹಾಗಾಗುತ್ತದೆ, ತಡೆದುಕೊಳ್ಳಲು ಆಗುವುದಿಲ್ಲ ಎನ್ನುತ್ತಾನೆ. ಕೊನೆಗೆ ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಧರ್ಮಗ್ರಂಥವೊಂದು ಇಂಥ ಮಾತನ್ನು ಅಳಿಸದೆ ಉಳಿಸಿಕೊಂಡು ಬಂದಿದೆಯಲ್ಲ ಎಂದು ನನಗೆ ಬಹಳ ಆಶ್ಚರ್ಯವಾಯಿತು, ಗೌರವವೂ ಹುಟ್ಟಿತು.

ಮೊದಲು ಇದನ್ನು ಅವನ ದೌರ್ಬಲ್ಯವೆಂದೇ ಓದುತ್ತಾ ಹೋಗಬಹುದು. ಹಾಗಲ್ಲ ಎಂದು ತಿಳಿಯುವುದು ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ, ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬಂದಾಗ.

ಚಿದ್ಕೀಯ ರಾಜನ ನಾಲ್ಕನೆಯ ವರ್ಷ. ಮೊದಲ ಸೆರೆ ಆಗಿಹೋಗಿದೆ. ಜನ, ದೇವಾಲಯದ ಪಾತ್ರೆಗಳು ಎಲ್ಲ ಬ್ಯಾಬಿಲೋನಿನಲ್ಲಿವೆ. ಯೆರೆಮೀಯ ಕುತ್ತಿಗೆಗೆ ಮರದ ನೊಗ ಕಟ್ಟಿಕೊಂಡು ಓಡಾಡುತ್ತಿದ್ದಾನೆ. ಈ ನೊಗ ಹೊರಬೇಕಾಗಿದೆ, ಹೊತ್ತರೆ ಬದುಕುತ್ತೀರಿ ಎಂಬುದು ಅದರ ಅರ್ಥ. ದೇವಾಲಯದಲ್ಲಿ, ಎಲ್ಲರ ಎದುರಿಗೆ, ಹನನ್ಯ ಎದ್ದು ನಿಂತು, ಇನ್ನು ಎರಡೇ ವರ್ಷ, ಪಾತ್ರೆಗಳು ಮರಳಿ ಬರುತ್ತವೆ, ಸೆರೆಹೋದವರು ಮರಳಿ ಬರುತ್ತಾರೆ, ಬ್ಯಾಬಿಲೋನಿನ ನೊಗ ಮುರಿಯುತ್ತದೆ ಎಂದು ದೇವರ ಹೆಸರಿನಲ್ಲಿ ಸಾರುತ್ತಾನೆ. ಕೇಳುತ್ತಿದ್ದವರಲ್ಲಿ ಸೆರೆಹೋದವರ ತಾಯಂದಿರು, ಹೆಂಡಿರು ಇದ್ದಿರಬೇಕು. ಅವರಿಗೆ ಹೇಗಾಗಿರಬಹುದು!

ಇದಕ್ಕೆ ಯೆರೆಮೀಯ ಏನು ಹೇಳುತ್ತಾನೆ? ಸುಳ್ಳು ಎಂದು ಕೂಗುವುದಿಲ್ಲ. 'ಆಮೆನ್' ಎನ್ನುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ತಥಾಸ್ತು. ಹಾಗೆಯೇ ಆಗಲಿ, ದೇವರು ನಿನ್ನ ಮಾತನ್ನೇ ನಡೆಸಿಕೊಡಲಿ ಎನ್ನುತ್ತಾನೆ. ಆಮೇಲೆ, ಹಿಂದಿನಿಂದ ಬಂದ ಪ್ರವಾದಿಗಳು ಯುದ್ಧ, ಕ್ಷಾಮಗಳನ್ನೇ ಮುಂತಿಳಿಸಿದರು, ಶಾಂತಿಯನ್ನು ಮುಂತಿಳಿಸಿದವನ ಮಾತು ನಡೆದಾಗಲೇ ಅವನು ನಿಜವಾದವನೆಂದು ಗೊತ್ತಾಗುವುದು ಎಂದು ಮೆಲ್ಲಗೆ ಸೇರಿಸುತ್ತಾನೆ. ಹನನ್ಯ ಅವನ ಕುತ್ತಿಗೆಯಿಂದ ನೊಗವನ್ನು ಕಿತ್ತು ಮುರಿಯುತ್ತಾನೆ. ಯೆರೆಮೀಯ ಏನೂ ಮಾತಾಡದೆ ತನ್ನ ದಾರಿ ಹಿಡಿದು ಹೋಗುತ್ತಾನೆ. ಮರದ ನೊಗದ ಬದಲು ಕಬ್ಬಿಣದ ನೊಗ ಬರುತ್ತದೆಂದು ಅವನು ಹೇಳುವುದು ಆಮೇಲೆ, ಮತ್ತೆ ಕರೆ ಬಂದಾಗ.

ಆ ತಥಾಸ್ತುವಿನಲ್ಲಿ ವ್ಯಂಗ್ಯವಿದೆ ಎನ್ನುವವರಿದ್ದಾರೆ. ನನಗೆ ಹಾಗೆ ಕೇಳಿಸಲಿಲ್ಲ. ಅವನು ನಿಜವಾಗಿಯೂ ತಾನು ಸುಳ್ಳಾಗಲೆಂದು ಬಯಸಿದ್ದ. ತನ್ನ ಮಾತು ಸುಳ್ಳಾದರೆ ಊರು ಉಳಿಯುತ್ತದೆ. ತಾನು ನಗೆಗೀಡಾಗುವುದು ಹೇಗೂ ಹೊಸತಲ್ಲ. ಅವನ ಒಲ್ಲೆ ಎಂಬುದು ಪುಕ್ಕಲುತನವಲ್ಲ ಎಂದು ನನಗೆ ಅನಿಸಿದ್ದು ಇಲ್ಲಿ. ಹೇಳಲು ಮನಸ್ಸಿಲ್ಲ, ಏಕೆಂದರೆ ಹೇಳಿದ್ದು ನಡೆಯುವುದು ಬೇಕಿಲ್ಲ. ತಾನು ಗೆಲ್ಲುವುದು ಬೇಡವೆಂದು ಪ್ರಾರ್ಥಿಸುತ್ತಲೇ ವಾದಿಸುವವನನ್ನು ಕಂಡರೆ, ನಾನಾದರೆ ಅವನ ಮಾತಿಗೆ ಕಿವಿ ಕೊಡುತ್ತೇನೆ.

ಇದರ ಪಕ್ಕದಲ್ಲಿ ಯೋನನನ್ನು ಇಟ್ಟು ನೋಡಿ. ಅವನೂ ಒಲ್ಲೆನೆಂದವನೇ. ಕೊನೆಗೆ ನಿನೆವೆಗೆ ಹೋಗಿ, ನಲವತ್ತು ದಿನಗಳಲ್ಲಿ ಈ ಊರು ನಾಶವಾಗುತ್ತದೆ ಎಂದು ಸಾರಿದ. ಜನ ಹೆದರಿ ಪಶ್ಚಾತ್ತಾಪಪಟ್ಟರು, ರಾಜ ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕೂತ, ದನಕರುಗಳಿಗೂ ಗೋಣಿತಟ್ಟು ಹೊದಿಸಿದರು. ದೇವರ ಮನಸ್ಸು ಕರಗಿತು. ಊರು ಉಳಿಯಿತು. ಯೋನನಿಗೆ ಕೋಪ ಬಂತು! ತಾನು ಹೇಳಿದ್ದು ನಡೆಯಲಿಲ್ಲವಲ್ಲ ಎಂದು ಊರ ಹೊರಗೆ ಚಪ್ಪರ ಹಾಕಿಕೊಂಡು, ಇನ್ನಾದರೂ ಏನಾಗುತ್ತದೋ ಎಂದು ನೋಡುತ್ತಾ ಕೂತ. ಒಂದು ಬಳ್ಳಿ ಬಾಡಿದ್ದಕ್ಕೆ ಮರುಗಿದವನು ಒಂದು ಲಕ್ಷ ಇಪ್ಪತ್ತು ಸಾವಿರ ಜನ ಬದುಕಿದ್ದಕ್ಕೆ ಮುನಿಸಿಕೊಂಡ. ಆ ಕಥೆ ಬರೆದವರಿಗೆ ಮನುಷ್ಯರ ಗುಣ ಚೆನ್ನಾಗಿ ಗೊತ್ತಿತ್ತು.

ಯೋನರು ನಮ್ಮ ನಡುವೆಯೂ ಇದ್ದಾರೆ. ನಾನು ಹಿಂದೊಮ್ಮೆ ಕೆಲಸ ಮಾಡಿದ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಎರಡು ವರ್ಷ ಹೇಳುತ್ತಲೇ ಇದ್ದರು, ಹಿಂದಿನ ಕಾಂಪೌಂಡು ಗೋಡೆ ಬೀಳುತ್ತದೆ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಮಳೆಗಾಲದ ರಾತ್ರಿ ಬಿತ್ತು; ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ಅವರು ಆ ಕಲ್ಲುಮಣ್ಣಿನ ರಾಶಿಯ ಸುತ್ತ ಓಡಾಡುತ್ತಿದ್ದಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮರೆತಿಲ್ಲ. ಬಂದವರಿಗೆಲ್ಲ ಅದನ್ನೇ ಹೇಳಿದರು, "ನಾನು ಹೇಳಿರಲಿಲ್ವಾ?" ಗೋಡೆಯ ವಿಷಯದಲ್ಲಿ ಅವರು ಹೇಳಿದ್ದು ಪೂರ್ತಿ ಸರಿ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಮುಂದಿನ ಸಲ ಅವರು ಏನಾದರೂ ಹೇಳಿದಾಗ ನಾವೆಲ್ಲ ಮತ್ತೆ ಮುಖ ತಿರುಗಿಸಿದ್ದಕ್ಕೆ ಆ ಕಳೆಯೂ ಒಂದು ಕಾರಣ.

ಇನ್ನೊಂದು ಸಂಗತಿ. ಐದನೆಯ ತರಗತಿಗೆ ಒಬ್ಬ ಹುಡುಗ ಬಂದ. ಮಂಕು, ಹೇಳಿದ ಮಾತು ಕೇಳುವುದಿಲ್ಲ ಎಂದು ಎಲ್ಲರ ದೂರು. ನಾನು ಬೋರ್ಡಿನ ಕಡೆ ತಿರುಗಿ ಮಾತಾಡಿದಾಗ ಅವನಿಗೆ ಏನೂ ತಿಳಿಯುತ್ತಿರಲಿಲ್ಲ, ಅವನ ಕಡೆ ಮುಖ ಮಾಡಿ ಹೇಳಿದರೆ ತಿಳಿಯುತ್ತಿತ್ತು. ಹದಿನೈದು ದಿನ ಗಮನಿಸಿದೆ. ಆಮೇಲೆ ಅವನ ತಾಯಿಯನ್ನು ಕರೆಸಿ, ಮಗನಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲವೆಂದು ಕಾಣುತ್ತದೆ, ದೊಡ್ಡಾಸ್ಪತ್ರೆಗೆ ತೋರಿಸಿ ಎಂದೆ. ಆಕೆ ಬೆಚ್ಚಿಬಿದ್ದು, "ಹಾಗೆಲ್ಲ ಅನ್ನಬೇಡಿ ಟೀಚರ್, ಅಸ್ತು ದೇವತೆಗಳು ಓಡಾಡ್ತಿರ್ತಾರೆ" ಎಂದಳು. ನಾನು ಹೇಳಿದ್ದರಿಂದಲೇ ಅದು ಆಗಿಬಿಡುತ್ತದೆ ಎಂಬಂತೆ. ಆ ಒಂದು ವಾರ ನಾನು ಬೇಡಿಕೊಂಡದ್ದು ಒಂದೇ, ಡಾಕ್ಟರು ನನ್ನ ಮಾತನ್ನು ಸುಳ್ಳುಮಾಡಲಿ ಎಂದು. ಮಾಡಲಿಲ್ಲ. ಆಕೆ ಚೀಟಿ ತಂದು ನನ್ನ ಮೇಜಿನ ಮೇಲಿಟ್ಟು, ಏನೂ ಮಾತಾಡದೆ ಹೋದಳು. ಹುಡುಗನಿಗೆ ಆಮೇಲೆ ಯಂತ್ರ ಬಂತು, ಓದಿದ, ಈಗ ಕೆಲಸದಲ್ಲಿದ್ದಾನೆ. ತಾಯಿ ಮಾತ್ರ ವರ್ಷಗಟ್ಟಲೆ ಬೀದಿಯಲ್ಲಿ ಸಿಕ್ಕರೆ ಆ ಬದಿಗೆ ದಾಟಿಬಿಡುತ್ತಿದ್ದಳು. ಆಕೆಯ ಮೇಲೆ ನನಗೆ ಬೇಸರವಿಲ್ಲ. ಸುದ್ದಿಯನ್ನೂ ಸುದ್ದಿ ತಂದವರನ್ನೂ ಬೇರೆ ಮಾಡಿ ನೋಡುವುದು ತಾಯಿಗೆ ಅಷ್ಟು ಸುಲಭವಲ್ಲ.

ಊರಿಗೂ ಸುಲಭವಲ್ಲ. ಈಗ ಯೆರೆಮೀಯನ ವಿರೋಧಿಗಳ ಮಾತನ್ನೂ ಕೇಳಬೇಕು. ಇಂಥ ಚಿತ್ರಗಳಲ್ಲಿ ಅಧಿಕಾರಿಗಳೆಂದರೆ ಸಾಮಾನ್ಯವಾಗಿ ಗಡ್ಡ ನೀವುತ್ತಾ ಪಿಸುಗುಡುವ ದುಷ್ಟರು. ನನಗೆ ಅವರು ಅಷ್ಟು ಹಗುರಾಗಿ ಕಾಣಲಿಲ್ಲ. ನಗರಕ್ಕೆ ಮುತ್ತಿಗೆ ಬಿದ್ದಿದೆ, ರೊಟ್ಟಿ ಮುಗಿಯುತ್ತಾ ಬಂದಿದೆ, ಗೋಡೆಯ ಮೇಲೆ ಅವರ ಮಕ್ಕಳೇ ನಿಂತು ಕಾದಾಡುತ್ತಿದ್ದಾರೆ. ಕೆಳಗೆ ಒಬ್ಬ, ಇದು ಉಳಿಯುವುದಿಲ್ಲ, ಹೊರಗೆ ಹೋಗಿ ಶರಣಾದವನು ಬದುಕುತ್ತಾನೆ ಎಂದು ಸಾರುತ್ತಿದ್ದಾನೆ. ಇವನು ಸೈನಿಕರ ಕೈಗಳನ್ನು ಸೋಲಿಸುತ್ತಿದ್ದಾನೆ, ಇವನನ್ನು ಕೊಲ್ಲಬೇಕು ಎಂದು ಅವರು ರಾಜನಿಗೆ ಹೇಳಿದರು. ನಾನು ಆ ಗೋಡೆಯ ಮೇಲೆ ನಿಂತವನ ತಾಯಿಯಾಗಿದ್ದರೆ ಏನೆನ್ನುತ್ತಿದ್ದೆ? ಬಾಯಿ ಮುಚ್ಚಿಸಿ ಎನ್ನುತ್ತಿದ್ದೆನೋ, ಮಗನೇ ಇಳಿದು ಬಾ ಎನ್ನುತ್ತಿದ್ದೆನೋ.

ಕೈ ಸೋಲಿಸುವುದು ಎಂಬ ಈ ಮಾತಿಗೆ ಒಂದು ವಿಚಿತ್ರ ಸಾಕ್ಷಿ ಸಿಕ್ಕಿದೆ. ಜೆರುಸಲೇಮಿನ ನೈಋತ್ಯಕ್ಕೆ ಲಾಕೀಷ್ ಎಂಬ ಕೋಟೆ ಇತ್ತು. ಬ್ಯಾಬಿಲೋನಿನವರಿಗೆ ಕೊನೆಕೊನೆಗೆ ಬಿದ್ದ ಊರುಗಳಲ್ಲಿ ಅದೂ ಒಂದು. 1935ರಲ್ಲಿ ಸ್ಟಾರ್ಕಿ ಎಂಬ ಬ್ರಿಟಿಷ್ ಪುರಾತತ್ವಜ್ಞರ ಅಗೆತದಲ್ಲಿ, ಅಲ್ಲಿನ ಹೆಬ್ಬಾಗಿಲ ಕೋಣೆಯ ಬೂದಿಯ ನಡುವೆ, ಶಾಯಿಯಲ್ಲಿ ಬರೆದ ಮಡಕೆ ಚೂರುಗಳು ಸಿಕ್ಕವು. ಕೋಟೆಯ ಅಧಿಕಾರಿಗೆ ಬಂದ ಕಾಗದಗಳು ಅವು. ಒಂದರಲ್ಲಿ, ಅಧಿಕಾರಿಗಳ ಮಾತು ಚೆನ್ನಾಗಿಲ್ಲ, ಅದು ಕೈಗಳನ್ನು ಸೋಲಿಸುವಂತಿದೆ ಎಂಬ ದೂರು ಇದೆ. ಅದೇ ಕಾಲ, ಅದೇ ನುಡಿಗಟ್ಟು. ಆದರೆ ಇಲ್ಲಿ ಆಪಾದನೆ ಪ್ರವಾದಿಯ ಮೇಲಲ್ಲ, ಅಧಿಕಾರಿಗಳ ಮೇಲೆಯೇ! ಸೋಲು ಹತ್ತಿರ ಬಂದಾಗ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದಾಗಿತ್ತೆಂದು ಕಾಣುತ್ತದೆ. ಕೈಗಳು ಸೋತದ್ದು ಹಸಿವಿನಿಂದ, ಸೋಲಿಸಿದರೆಂಬ ಹೆಸರು ಬಾಯಿಗಳಿಗೆ.

ರಾಜ ಚಿದ್ಕೀಯ ಕೆಟ್ಟವನಲ್ಲ, ಗಟ್ಟಿಯಿಲ್ಲದವನು. ಅವನು ನಿಮ್ಮ ಕೈಯಲ್ಲಿದ್ದಾನೆ, ನಾನೇನು ಮಾಡಲಿ ಎಂದುಬಿಟ್ಟ. ಅಧಿಕಾರಿಗಳು ಯೆರೆಮೀಯನನ್ನು ನೀರಿಲ್ಲದ ಒಂದು ಬಾವಿಗೆ ಹಗ್ಗ ಕಟ್ಟಿ ಇಳಿಸಿದರು. ತಳದ ಕೆಸರಿನಲ್ಲಿ ಅವನು ಹೂತುಹೋದ. ಅವನನ್ನು ಮೇಲೆತ್ತಿಸಿದವನು ಬಂಧುವಲ್ಲ, ಶಿಷ್ಯನಲ್ಲ, ಆ ಊರಿನವನೂ ಅಲ್ಲ. ಎಬೆದ್ಮೆಲೆಕ ಎಂಬ ಕೂಷ್ ದೇಶದವನು, ಅರಮನೆಯ ಸೇವಕ. ಅವನು ರಾಜನ ಅಪ್ಪಣೆ ಪಡೆದು, ಉಗ್ರಾಣಕ್ಕೆ ಹೋಗಿ, ಹಳೆಯ ಹರಕು ಬಟ್ಟೆಗಳನ್ನು ಆಯ್ದು ತಂದು, ಹಗ್ಗದ ಜೊತೆ ಕೆಳಗಿಳಿಸಿ, ಇವನ್ನು ಕಂಕುಳಲ್ಲಿ ಇಟ್ಟುಕೋ, ಆಮೇಲೆ ಹಗ್ಗ ಹಾಕಿಕೋ ಎಂದ. ಹಗ್ಗ ಕೊಯ್ಯಬಾರದಲ್ಲ! ಇಷ್ಟು ದೊಡ್ಡ ಗ್ರಂಥದಲ್ಲಿ, ರಾಜ್ಯಗಳು ಉರುಳುತ್ತಿರುವ ನಡುವೆ, ಯಾರೋ ಆ ಹಳೆಬಟ್ಟೆಯನ್ನು ನೆನಪಿಟ್ಟು ಬರೆದಿದ್ದಾರೆ. ನೂರು ಉಪದೇಶಗಳಿಗಿಂತ ನನಗೆ ಅದು ಹೆಚ್ಚು ಹಿಡಿಸಿತು.

ಇದಾದ ಮೇಲೆ ನಡೆಯುವುದು ನನ್ನಂಥ ಪಾಠ ಹೇಳುವವಳನ್ನು ತಬ್ಬಿಬ್ಬು ಮಾಡುವ ಸಂಗತಿ. ರಾಜ ಅವನನ್ನು ಗುಟ್ಟಾಗಿ ಕರೆಸಿ, ಏನನ್ನೂ ಮುಚ್ಚಿಡಬೇಡ, ನಿಜ ಹೇಳು ಎನ್ನುತ್ತಾನೆ. ಹೇಳಿದರೆ ನೀನು ಕೊಲ್ಲಿಸುತ್ತೀಯೆ ಎಂದು ಯೆರೆಮೀಯ ಅನುಮಾನಿಸುತ್ತಾನೆ. ಕೊಲ್ಲಿಸುವುದಿಲ್ಲ ಎಂದು ಮಾತು ಪಡೆದು, ಶರಣಾಗು, ನೀನೂ ನಿನ್ನ ಮನೆಯವರೂ ಉಳಿಯುತ್ತೀರಿ, ನಗರವೂ ಉಳಿಯುತ್ತದೆ ಎನ್ನುತ್ತಾನೆ. ರಾಜನಿಗೆ ಹೆದರಿಕೆ; ಮೊದಲೇ ಶರಣಾಗಿ ಹೋದ ತನ್ನವರೇ ತನ್ನನ್ನು ಹಂಗಿಸಿ ಹಿಂಸಿಸುತ್ತಾರೆಂಬ ಅಳುಕು. ಕೊನೆಗೆ ಬೇಡಿಕೊಳ್ಳುತ್ತಾನೆ: ಈ ಮಾತು ಯಾರಿಗೂ ತಿಳಿಯಬಾರದು, ಅಧಿಕಾರಿಗಳು ಕೇಳಿದರೆ, ಹಳೆಯ ಸೆರೆಗೆ ಮತ್ತೆ ಕಳಿಸಬೇಡವೆಂದು ಬಿನ್ನವಿಸಿದೆ ಎಂದಷ್ಟೇ ಹೇಳು. ಅಧಿಕಾರಿಗಳು ಬಂದು ಕೇಳುತ್ತಾರೆ. ಯೆರೆಮೀಯ ಹಾಗೆಯೇ ಹೇಳುತ್ತಾನೆ.

ನಲವತ್ತು ವರ್ಷ ಯಾರ ಮುಖವನ್ನೂ ನೋಡದೆ ನಿಜ ಹೇಳಿದವನು, ಹೆದರಿದ ಒಬ್ಬ ಮನುಷ್ಯನಿಗಾಗಿ ಅರ್ಧ ನಿಜ ಹೇಳಿದ. ಇದು ಸುಳ್ಳೇ? ಅಪ್ರಿಯವಾದ ಸತ್ಯವನ್ನು ನುಡಿಯಬೇಡ, ಪ್ರಿಯವಾದ ಸುಳ್ಳನ್ನೂ ನುಡಿಯಬೇಡ ಎಂಬ ಸುಭಾಷಿತವನ್ನು ನಾನು ಎಷ್ಟೋ ಬ್ಯಾಚಿಗೆ ಪಾಠ ಮಾಡಿದ್ದೇನೆ. ಪ್ರತಿಸಲವೂ ಯಾರಾದರೊಬ್ಬ ಹುಡುಗಿ, ಹಾಗಾದರೆ ಏನು ನುಡಿಯಬೇಕು ಮೇಡಂ ಎಂದು ಕೇಳಿದ್ದಾಳೆ. ಯೆರೆಮೀಯ ಅಪ್ರಿಯವಾದದ್ದನ್ನು ನುಡಿದ. ಅದನ್ನು ತಡೆದುಕೊಳ್ಳಬೇಕಾದವನ ಮುಖಕ್ಕೇ, ಬಾಗಿಲು ಹಾಕಿಕೊಂಡು ನುಡಿದ. ಅದನ್ನು ಆಯುಧ ಮಾಡಿಕೊಳ್ಳಲು ಕಾದಿದ್ದವರಿಗೆ ಮಾತ್ರ ಕೊಡಲಿಲ್ಲ. ನಿಜ ಹೇಳುವ ಹೊಣೆ ಇರುವುದು ಯಾರಿಗೆ ಎಂಬುದನ್ನೂ ಅವನು ಎಣಿಸಿದ್ದನೆಂದು ನಾನು ಓದಿಕೊಳ್ಳುತ್ತೇನೆ. ಬೇರೆಯವರು ಬೇರೆ ಓದಲಿ. ರಾಜನಂತೂ ಶರಣಾಗಲಿಲ್ಲ. ನಗರ ಬಿದ್ದಾಗ ಓಡಿಹೋಗಿ ಸಿಕ್ಕಿಬಿದ್ದ. ಅವನ ಮಕ್ಕಳನ್ನು ಅವನೆದುರೇ ಕೊಂದು, ಅದು ಅವನು ಕಂಡ ಕೊನೆಯ ನೋಟವಾಗುವಂತೆ ಕಣ್ಣು ಕೀಳಿಸಿದರು.

ಆ ಬೆಂಕಿ ಉಳಿಸಿದ್ದೂ ಒಂದಿದೆ. ಹಿಂದೆ ಯೆಹೋಯಾಕೀಮ ರಾಜನು ಯೆರೆಮೀಯ ಹೇಳಿ ಬರೆಸಿದ ಸುರುಳಿಯನ್ನು ಚಳಿಗಾಲದ ಅರಮನೆಯಲ್ಲಿ ಕೂತು, ಮೂರುನಾಲ್ಕು ಅಂಕಣ ಓದಿಸುವುದು, ಚಾಕುವಿನಿಂದ ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕುವುದು, ಹೀಗೆ ಪೂರ್ತಿ ಸುಟ್ಟಿದ್ದ. ಸುಡಬೇಡಿ ಎಂದು ಬೇಡಿಕೊಂಡವರಲ್ಲಿ ಶಾಫಾನನ ಮಗ ಗೆಮರ್ಯ ಒಬ್ಬ. 1982ರಲ್ಲಿ ಜೆರುಸಲೇಮಿನ ಹಳೆಯ ದಿಬ್ಬದ ಅಗೆತದಲ್ಲಿ, ಸುಟ್ಟ ಮನೆಯೊಂದರಲ್ಲಿ, ಸುಮಾರು ಐವತ್ತು ಮಣ್ಣಿನ ಮುದ್ರೆಗಳು ಸಿಕ್ಕವು. ಒಂದರ ಮೇಲೆ ಶಾಫಾನನ ಮಗ ಗೆಮರ್ಯನ ಹೆಸರಿದೆ. ಕಾಗದಪತ್ರಗಳು ನಗರದೊಡನೆ ಸುಟ್ಟುಹೋದವು. ಅವಕ್ಕೆ ಒತ್ತಿದ್ದ ಹಸಿಮಣ್ಣು ಆ ಬೆಂಕಿಯಲ್ಲೇ ಬೆಂದು ಗಟ್ಟಿಯಾಗಿ ಉಳಿಯಿತು.

ಚಿತ್ರಕ್ಕೆ ನಗರದ ಪತನವೇ ಶಿಖರ. ಆದರೆ ಗ್ರಂಥ ಅಲ್ಲಿಗೆ ನಿಲ್ಲುವುದಿಲ್ಲ. ಗೆದ್ದ ಬ್ಯಾಬಿಲೋನಿನ ಅಧಿಕಾರಿ ಯೆರೆಮೀಯನ ಸರಪಳಿ ಬಿಚ್ಚಿಸಿ, ನನ್ನೊಡನೆ ಬಾ, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಇಲ್ಲವೇ ನಿನಗೆ ಸರಿಕಂಡಲ್ಲಿ ಇರು ಎಂದ. ಹೇಳಿದ್ದೆಲ್ಲ ನಿಜವಾಗಿತ್ತು. ಹೋಗಿ ಸುಖವಾಗಿರಬಹುದಿತ್ತು. ಅವನು ಉಳಿದ ಬಡಬಗ್ಗರ ಜೊತೆ, ಆ ಬೂದಿಯ ನಾಡಿನಲ್ಲಿಯೇ ಉಳಿದ. ಅಲ್ಲಿಯೂ ಕೊಲೆ, ಗಲಭೆ. ಜನ ಹೆದರಿ ಈಜಿಪ್ಟಿಗೆ ಹೊರಟರು. ಹೋಗಬೇಡಿ ಎಂದ. ನೀನು ಸುಳ್ಳು ಹೇಳುತ್ತಿದ್ದೀಯೆ ಎಂದರು! ಇಷ್ಟಾದ ಮೇಲೆಯೂ. ಹಾಗೆಂದು, ಅವನನ್ನೂ ಅವನ ಲಿಪಿಕಾರ ಬಾರೂಕನನ್ನೂ ತಮ್ಮ ಜೊತೆಗೇ ಕರೆದುಕೊಂಡು ಹೋದರು.

ಅವನ ಬದುಕಿನಲ್ಲಿ ಗ್ರಂಥ ಹೇಳುವ ಕೊನೆಯ ಜಗಳ ಈಜಿಪ್ಟಿನಲ್ಲಿ, ಮುಖ್ಯವಾಗಿ ಹೆಂಗಸರ ಜೊತೆ. ನಿಮ್ಮ ಅನ್ಯದೇವತೆಯ ಪೂಜೆಯೇ ಈ ನಾಶಕ್ಕೆ ಕಾರಣ ಎಂದು ಅವನು ಗದರಿಸುತ್ತಾನೆ. ಅವರು ಹೆದರುವುದಿಲ್ಲ. ಆಕಾಶದ ರಾಣಿಗೆ ನಾವು ರೊಟ್ಟಿ ಸುಟ್ಟು ನೈವೇದ್ಯ ಇಡುತ್ತಿದ್ದಾಗ ಹೊಟ್ಟೆತುಂಬ ಅನ್ನವಿತ್ತು, ಯಾವ ಕೇಡೂ ಇರಲಿಲ್ಲ. ಬಿಟ್ಟ ಮೇಲೆಯೇ ಕತ್ತಿ, ಹಸಿವು ಎಲ್ಲ ಬಂದದ್ದು ಎನ್ನುತ್ತಾರೆ. ಇದನ್ನೆಲ್ಲ ನಮ್ಮ ಗಂಡಂದಿರಿಗೆ ತಿಳಿಯದೆ ಮಾಡಿದೆವೇ ಎಂದೂ ಕೇಳುತ್ತಾರೆ. ನಾನು ಆ ಪುಟದಲ್ಲಿ ಬಹಳ ಹೊತ್ತು ನಿಂತೆ. ಮನೆಮಠ ಸುಟ್ಟು, ಮಕ್ಕಳನ್ನು ಹೂತು, ಪರದೇಶಕ್ಕೆ ಬಂದ ಹೆಂಗಸರು. ನಡೆದದ್ದು ಅವರಿಗೂ ಗೊತ್ತು, ಅವನಿಗೂ ಗೊತ್ತು, ನಡೆದದ್ದು ಒಂದೇ. ಅದರಿಂದ ಅವನು ಓದಿಕೊಂಡದ್ದು ಒಂದು, ಅವರು ಓದಿಕೊಂಡದ್ದು ಇನ್ನೊಂದು. ನಿಜವಾದ ಮೇಲೆ ಎಲ್ಲರೂ ನಂಬುತ್ತಾರೆ ಎಂದು ನಾನು ಮೊದಲಿಗೆ ಬರೆದ ಸುಲಭದ ಉತ್ತರವೂ ಇಲ್ಲಿ ನಿಲ್ಲುವುದಿಲ್ಲ.

ಯಾರ ಮಾತು ನಿಲ್ಲುತ್ತದೋ ಉಳಿದವರು ನೋಡುತ್ತಾರೆ ಎನ್ನುತ್ತಾನೆ ಅವನು. ಅವರು ನಂಬಿದರೆಂದು ಗ್ರಂಥ ಹೇಳುವುದಿಲ್ಲ. ಅವನು ಅವರನ್ನು ಬಿಟ್ಟು ಹೋದನೆಂದೂ ಹೇಳುವುದಿಲ್ಲ. ಅವನು ಎಲ್ಲಿ, ಹೇಗೆ ಸತ್ತನೆಂಬುದೂ ಅದರಲ್ಲಿ ಇಲ್ಲ.